ಬಾಜು ಹೊಲದ ಚರಗ

ಈ ಬೆಳಿಗ್ಗೆ ಎಳ್ಳು ಹುರಿಯುವಾಗ ಆ ವಾಸನೆಗೆ ನನ್ನ ಕೈ ತಾನಾಗಿಯೇ ನಿಂತಿತು. ಎಳ್ಳಮಾವಾಸ್ಯೆ, ಹೊಲಕ್ಕೆ ಚರಗ ಚೆಲ್ಲಬೇಕು. ಚರಗವೆಂದರೆ ನಿಮಗೆ ಗೊತ್ತಲ್ಲ, ಹಬ್ಬದ ಅಡುಗೆಯನ್ನೆಲ್ಲ ಕಲಸಿ ಬೆಳೆಗೆ ಉಣಿಸುವುದು. ಒಬ್ಬರು ‘ಹುಲ್ಲುಲ್ಲಿಗೋ’ ಎಂದು ಕೂಗಿ ತುತ್ತು ಎಸೆದರೆ, ಹಿಂದೆ ಬರುವವರು ‘ಚಲ್ಲಾಂಬ್ರಿಗೋ’ ಎಂದು ನೀರು ಚಿಮುಕಿಸಬೇಕು. ಇಬ್ಬರ ಕೆಲಸ. ಹೋದ ಮಳೆಗಾಲದಲ್ಲಿ ನನ್ನ ಗಂಡ ತೀರಿಕೊಂಡರು. ಹಾಗಂತ ಹೊಲವನ್ನು ಉಪವಾಸ ಕೆಡವಲಾದೀತೆ?

ನಮ್ಮ ತಿರ್ಲಾಪುರದ ಕಡೆ ಬಂದಿದ್ದರೆ ನೋಡಿರುತ್ತೀರಿ: ಎರೆಮಣ್ಣಿನ ಬಯಲು, ನೆಲಕ್ಕಿಂತ ಆಕಾಶವೇ ಹೆಚ್ಚು. ನನ್ನ ಗಂಡ ಕಲಘಟಗಿ ಕಡೆಯ ದುಮ್ಮವಾಡದವರು, ಮನೆಅಳಿಯನಾಗಿ ಬಂದವರು. ಅಲ್ಲಿ ಕೆಂಪು ಮಣ್ಣು, ಭತ್ತದ ಗದ್ದೆ, ಗದ್ದೆಗೊಂದು ಬದು. ಜಿಲ್ಲೆ ಒಂದೇ ಆದರೂ ಸೀಮೆ ಬೇರೆ.

“ಇದೆಂಥಾ ಸೀಮಿ ಲೇ, ನೆಳ್ಳ ಬೇಕಂದ್ರ ಎತ್ತಿನ ಹೊಟ್ಟಿ ಕೆಳಗ ಕುಂದ್ರಬೇಕು” ಎನ್ನುತ್ತಿದ್ದರು.

“ನಿಮ್ಮ ಭತ್ತಕ್ಕ ದಿನಾ ನೀರ ಕುಡಿಸಬೇಕು. ನಮ್ಮ ಬಿಳಿಜೋಳ ಇಬ್ಬನಿ ಕುಡದ ಬೆಳೀತೈತ್ರಿ” ಎನ್ನುತ್ತಿದ್ದೆ ನಾನು, ಎರೆಮಣ್ಣನ್ನು ನಾನೇ ನಾದಿ ಹರಡಿದವಳ ಹಾಗೆ.

ನಮ್ಮ ಗಡಿಗೆ ದೇಸಾಯರ ದೇಸಗತಿ ಕಾಲದ ಕಲ್ಲುಗಳಿದ್ದವಂತೆ. ಬೇಸಿಗೆ ಬೇಸಿಗೆಗೂ ಬಾಯಿಬಿಡುವ ಎರೆ ಅವನ್ನು ನುಂಗಿದೆ. ಗಡಿ ಈಗ ಊರವರ ನೆನಪಿನಲ್ಲಷ್ಟೇ ಇದೆ. ಮದುವೆಯಾದ ಮೊದಲ ವರ್ಷ ನನ್ನ ಗಂಡ ಬದು ಎಲ್ಲಿ ಎಂದು ನೋಡುತ್ತ, ಚರಗ ಚೆಲ್ಲುತ್ತ, ನೆಟ್ಟಗೆ ಬಾಜು ಹೊಲದ ಕಡಲೆಯೊಳಗೆ ಹೋಗಿಬಿಟ್ಟರು. ನಾನು ನಾಚಿ ನೀರಾದೆ.

“ಅದು ಬಸವಣ್ಣೆಪ್ಪನ ಹೊಲರೀ.”

“ಇರಲಿ ಬಿಡು, ಅದಕ್ಕೂ ಹಸಿವಿರತೈತಿ.”

ಆಮೇಲೆ ಗಡಿ ಗೊತ್ತಾದರೂ ಬೇಕೆಂದೇ ಪ್ರತಿವರ್ಷ ನಾಲ್ಕು ಸಾಲು ಆಚೆ ಹೋಗಿ ಬರುತ್ತಿದ್ದರು. ನಾನೂ ಪ್ರತಿವರ್ಷ ತಪ್ಪದೆ ಬೈಯುತ್ತಿದ್ದೆ.

ಇಂದು ಒಬ್ಬಳೇ ಬುಟ್ಟಿ, ತಂಬಿಗೆ ಹಿಡಿದು ಹೋದೆ. ಕೂಗಿದೆ. ಉತ್ತರವನ್ನೂ ನಾನೇ ಕೂಗಿಕೊಂಡೆ. ಅಷ್ಟು ದೊಡ್ಡ ಬಯಲಿನಲ್ಲಿ ಒಂದೇ ದನಿ, ದುಃಖ ತಡೆಯಲಾಗಲಿಲ್ಲ. ಗಡಿಯ ತನಕ ಹೋಗಿ ತಿರುಗುವಷ್ಟರಲ್ಲಿ ಬಸವಣ್ಣೆಪ್ಪ ತನ್ನ ಹೊಲದಿಂದ ಕರೆದ.

“ಅಕ್ಕಾರ, ಯಾಕ್ರಿ ಹೊಳ್ಳಿದ್ರಿ?”

“ನಮ್ಮದು ಇಲ್ಲೀಮಟಾನ ಅಲ್ಲೇನಪಾ.”

“ಈ ನಾಲ್ಕು ಸಾಲಿಗೆ ನಾವು ಚರಗ ಚೆಲ್ಲೂದು ಬಿಟ್ಟು ಭಾಳ ವರ್ಷಾತ್ರಿ. ಇದು ಮಾಮಾರ ಪಾಲು ಅಂತ ಬಿಟ್ಟೇವಿ. ಈ ವರ್ಷ ಉಪಾಸ ಕೆಡವತೀರೇನು?”

ಹತ್ತಿರ ಬಂದು ನನ್ನ ಕೈಯಿಂದ ತಂಬಿಗೆ ಇಸಿದುಕೊಂಡ. ನಾನು ಗಡಿ ದಾಟಿ, ತುತ್ತು ಎಸೆದು ಕೂಗಿದೆ. ಹಿಂದಿನಿಂದ ಗಂಡಸಿನ ದನಿ ಉತ್ತರ ಕೊಟ್ಟಿತು, ನೀರು ಬಿದ್ದ ಸಪ್ಪಳವಾಯಿತು. ತಿರುಗಿದ್ದರೆ ಅದು ಅವರಲ್ಲವೆಂದು ಕಾಣುತ್ತಿತ್ತು. ಸಾಲು ಮುಗಿಯುವ ತನಕ ನಾನು ತಿರುಗಲಿಲ್ಲ.