ಲ್ಯಾಬಕ್ಕ ಮಾತ್ರೆ ಕೊಟ್ಟ ತಿಂಗಳು

ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಇಪ್ಪತ್ತಾರು ವರ್ಷ ಗಾಜಿನ ಕೊಳವೆ ತೊಳೆದವಳನ್ನು ಬೀದಿಯವರೆಲ್ಲ ಲ್ಯಾಬಕ್ಕ ಎನ್ನುತ್ತಾರೆ. ಹೆಸರು ಬರೆಯದ ಬಾಟಲಿಯನ್ನು ಆಕೆ ಜನ್ಮದಲ್ಲಿ ನಂಬಿದವಳಲ್ಲ. ಮನೆಯಲ್ಲಿ ಉಪ್ಪಿನ ಡಬ್ಬಿಗೊಂದು ಚೀಟಿ, ಸಕ್ಕರೆ ಡಬ್ಬಿಗೊಂದು ಚೀಟಿ. ಗಂಡನ ಬೆನ್ನಿಗೂ ಒಂದು ಅಂಟಿಸಿಬಿಡುತ್ತಿದ್ದಳೇನೋ, ಆದರೆ ಆತನಿಗೆ ಮೀಸೆಯೇ ಚೀಟಿ.

ಗಂಡನದು ಬೀದಿಯ ಮೂಲೆಯಲ್ಲಿ ಎರಡು ಕುರ್ಚಿಯ ಕಟಿಂಗ್ ಅಂಗಡಿ. ಊರವರ ಮೀಸೆಗಳನ್ನೆಲ್ಲ ನುಣ್ಣಗೆ ಬೋಳಿಸಿದರೂ ತನ್ನದಕ್ಕೆ ಮೂವತ್ತೆಂಟು ವರ್ಷ ಬ್ಲೇಡು ಸೋಕಿಸದ ಮಹಾನುಭಾವ. ಹೀಗಾಗಿ ಎಲ್ಲರಿಗೂ ಮೀಸೆಯಣ್ಣ. ವಾದಕ್ಕಿಳಿದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬಿಪಿ ಬಂದ ಮೇಲೆ ಆ ಹಟವೆಲ್ಲ ಮಾತ್ರೆಯ ಮೇಲೆ ಬಂದು ಕೂತಿತು. ನೀಲಿ ಪೆಟ್ಟಿಗೆಯ ದೊಡ್ಡ ಕಂಪನಿಯ ಮಾತ್ರೆಯೇ ಆಗಬೇಕು.

"ಅಣ್ಣಾ, ಜೆನೆರಿಕ್ ತಗೊಳ್ಳಿ. ಒಳಗಿರೋ ಮದ್ದು ಅದೇ, ಅಳತೆನೂ ಅದೇ. ಪೆಟ್ಟಿಗೆ ಮೇಲಿನ ಹೆಸರಿಗೆ ಯಾಕೆ ನಾಲ್ಕು ಪಟ್ಟು ಕೊಡ್ತೀರಾ?" ಎಂದು ಔಷಧಿ ಅಂಗಡಿಯಾಕೆ ಹೇಳಿ ಹೇಳಿ ಸೋತಿದ್ದಳು.

"ಅಗ್ಗದ ಬ್ಲೇಡಲ್ಲಿ ಯಾರ ಕೆನ್ನೆನೂ ಮುಟ್ಟಲ್ಲ ನಾನು. ನನ್ನ ಹೃದಯಕ್ಕೆ ಅಗ್ಗದ್ದು ಹಾಕ್ತೀನೇನಮ್ಮ?" ಎಂದು ಆತ ಮೀಸೆ ತಿರುವುತ್ತಿದ್ದ.

ಲ್ಯಾಬಕ್ಕ ನಕ್ಕುಬಿಡುತ್ತಿದ್ದಳು. ಆದರೆ ಒಂದು ಭಾನುವಾರ ಕಸದ ಬುಟ್ಟಿ ಖಾಲಿ ಮಾಡುವಾಗ ಮಾತ್ರೆ ಮುಗಿದ ಸ್ಟ್ರಿಪ್ ಒಂದು ಕೈಗೆ ಸಿಕ್ಕಿತು. ಯಾವ ಪೊಟ್ಟಣ ಒಡೆದರೂ ಅದರ ಮೇಲೆ ತಾರೀಖು ಬರೆಯುವುದು ಆಕೆಯ ಚಾಳಿ. ಹತ್ತು ಮಾತ್ರೆಯ ಸ್ಟ್ರಿಪ್ ಸರಿಯಾಗಿ ಇಪ್ಪತ್ತು ದಿನ ಬಂದಿತ್ತು! ದುಬಾರಿ ಮಾತ್ರೆ ಕೊಳ್ಳುವ ಗತ್ತೂ ಬಿಡಲಾರ, ಅಷ್ಟು ಕೊಡಲೂ ಆಗದು. ಮಹಾರಾಯ ದಿನ ಬಿಟ್ಟು ದಿನ ನುಂಗುತ್ತಿದ್ದ. ಆತನ ಅಣ್ಣನೂ ಹೀಗೇ ಬಿಟ್ಟು ಬಿಟ್ಟು ನುಂಗಿ, ಒಂದು ಬೆಳಗ್ಗೆ ಬಲಗೈ ಎತ್ತಲಾರದೆ ಹಾಸಿಗೆ ಹಿಡಿದವರು ಇನ್ನೂ ಎದ್ದಿಲ್ಲ. ಗಂಡನನ್ನು ಕೇಳಿದರೆ ಒಪ್ಪಿಕೊಳ್ಳುವ ಪ್ರಾಣಿಯಲ್ಲ ಅದು.

ಡಾಕ್ಟರ ಹತ್ತಿರ ಹೋಗಿ ಬಂದಳು. "ಎರಡರಲ್ಲಿ ಯಾವುದಾದ್ರೂ ಸರಿಯಮ್ಮ, ದಿನಾ ಒಂದು ಒಳಗೆ ಹೋಗ್ಬೇಕು ಅಷ್ಟೆ" ಎಂದರು ಅವರು. ಅಲ್ಲಿಂದ ನೆಟ್ಟಗೆ ಗಿರಾಕಿಗಳು ತುಂಬಿದ್ದ ಗಂಡನ ಅಂಗಡಿಗೆ ನುಗ್ಗಿದಳು.

"ರೀ, ನಿಮಗೆ ಕಂಪನಿ ಮಾತ್ರೆಗೂ ಜೆನೆರಿಕ್‌ಗೂ ವ್ಯತ್ಯಾಸ ಗೊತ್ತಾಗುತ್ತೆ ತಾನೆ? ಮೂವತ್ತು ದಿನ ಪರೀಕ್ಷೆ. ಬೆಳಗ್ಗೆ ಕಣ್ಣು ಮುಚ್ಚಿ ಬಾಯಿ ತೆಗೀರಿ, ಎರಡರಲ್ಲೊಂದು ಹಾಕ್ತೀನಿ. ಯಾವುದು ಅಂತ ಸಂಜೆ ಹೇಳಿ."

"ಮೂವತ್ತರಲ್ಲಿ ಇಪ್ಪತ್ತೈದು ಸರಿ ಹೇಳ್ದೇ ಇದ್ರೆ ಈ ಮೀಸೆ ತೆಗೀತೀನಿ!" ಎಂದು ಮೀಸೆಯಣ್ಣ ಗುಡುಗಿದ. ಅಂಗಡಿಯಲ್ಲಿ ಹೋ ಎಂದು ಕೂಗೆದ್ದಿತು. ಬೀಸಿದ ಬಲೆಗೆ ಮೀನು ತಾನಾಗಿ ಹಾರಿ ಬಿದ್ದಾಗ ಲ್ಯಾಬಕ್ಕನಿಗೆ ಕುಣಿಯುವಷ್ಟು ಖುಷಿಯಾಯಿತು.

ಮರುದಿನದಿಂದ ಶುರು. ಬೆಳಗ್ಗೆ ಏಳಕ್ಕೆ ಆಕೆ ಅಡುಗೆಮನೆಯಲ್ಲಿ ನಾಣ್ಯ ಚಿಮ್ಮುವುದು, ಬಿದ್ದಂತೆ ಮಾತ್ರೆ ತೆಗೆದು ಪುಸ್ತಕದಲ್ಲಿ ಬರೆಯುವುದು. ಆತ ಗುಬ್ಬಿಮರಿಯ ಹಾಗೆ ಬಾಯಿ ತೆರೆದು ಕೂರುವುದು. ಎರಡೂ ಸಣ್ಣ ಬಿಳಿ ಮಾತ್ರೆಗಳೇ, ಕಂಪನಿಯದರ ಮೇಲೆ ಒಂದು ಗೀಟು ಮಾತ್ರ ಹೆಚ್ಚು. ನಾಲಿಗೆಯಲ್ಲಿ ಆ ಗೀಟು ಹುಡುಕಲು ಹೊರಟವನ ಬಾಯಿಗೆ ಆಕೆ ತಟ್ಟನೆ ನೀರು ಸುರಿಯುತ್ತಿದ್ದಳು. ಕೆಮ್ಮು, ಬೈಗುಳ, ನಗು. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮನೆಯಲ್ಲಿ ಬೆಳಗ್ಗೆಯೇ ಇಷ್ಟು ಗಲಾಟೆ ಆದದ್ದಿಲ್ಲ.

ಸಂಜೆಯ ತೀರ್ಪು ಇನ್ನೂ ಚೆಂದ. "ಇವತ್ತು ಕತ್ತರಿ ತಾನಾಗೇ ಓಡ್ತು. ಕಂಪನಿದೇ!" ಅಂದು ಕೊಟ್ಟದ್ದು ಜೆನೆರಿಕ್. "ಮಧ್ಯಾಹ್ನದಿಂದ ತಲೆ ಗಿರ್ ಅಂತಿದೆ ಕಣೇ, ಅಗ್ಗದ್ದು ಹಾಕಿ ಕೊಂದ್ಯಲ್ಲ!" ಅಂದು ನೀಲಿ ಪೆಟ್ಟಿಗೆಯದು. ಆಕೆ ಸೆರಗು ಬಾಯಿಗೊತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಳು.

ಮೂವತ್ತೊಂದನೆಯ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಲ್ಯಾಬಕ್ಕ ಗಟ್ಟಿಯಾಗಿ ಓದಿದಳು. ಮೂವತ್ತರಲ್ಲಿ ಸರಿಯಾದದ್ದು ಹದಿನಾಲ್ಕು.

ಸೋತರೂ ಆತ ಜಗ್ಗಲಿಲ್ಲ. ಔಷಧಿ ಅಂಗಡಿಯಾಕೆ ಬಿಪಿ ನೋಡಿ ಬರೆದುಕೊಟ್ಟ ಚೀಟಿ ಎತ್ತಿ ಹಿಡಿದ. "ಮೀಸೆ ಹೋದ್ರೆ ಹೋಗ್ಲಿ, ಇದನ್ನ ನೋಡಿ! ನೂರ ಅರವತ್ತೆಂಟು ಇದ್ದದ್ದು ನೂರ ಮೂವತ್ತು. ಕಂಪನಿ ಮಾತ್ರೆ ಮಧ್ಯ ಮಧ್ಯ ಬಿದ್ದಿದ್ದಕ್ಕೇ ಇಷ್ಟು ಇಳೀತು!"

"ಕಂಪನಿದೂ ಅಲ್ಲ, ಜೆನೆರಿಕ್‌ದೂ ಅಲ್ಲ. ನೀವು ದಿನಾ ನುಂಗಿದ್ರಲ್ಲ, ಅದಕ್ಕೆ ಇಳೀತು" ಎಂದಳು ಲ್ಯಾಬಕ್ಕ. "ಮೊದ್ಲು ದಿನ ಬಿಟ್ಟು ದಿನ ನುಂಗ್ತಿದ್ರಿ. ನಂಗೆ ಗೊತ್ತು." ಪುಸ್ತಕ ಮುಚ್ಚುವಾಗ ಕಣ್ಣು ತುಂಬಿತ್ತು. "ಭಾವನ ಥರ ನೀವೂ ಮಲಗಿಬಿಟ್ರೆ ನಾನು ಯಾರ ಹತ್ರ ಜಗಳ ಆಡ್ಲಿ?"

ಮೀಸೆಯಣ್ಣ ಎತ್ತಿ ಹಿಡಿದ ಚೀಟಿ ಕೆಳಗಿಳಿಸಿದ. ಆಗ ಕುರ್ಚಿಯಲ್ಲಿ ಮುಖಕ್ಕೆಲ್ಲ ನೊರೆ ಬಳಿದುಕೊಂಡು ಕೂತಿದ್ದ ಪೋಸ್ಟ್‌ಮ್ಯಾನ್, ಹೊದಿಸಿದ ಬಟ್ಟೆಯೊಳಗಿಂದಲೇ ಕೈ ಎತ್ತಿದ.

"ಅತ್ತಿಗೆ, ನಾನೂ ದಿನ ಬಿಟ್ಟು ದಿನಾನೇ. ಸಕ್ಕರೆ ಕಾಯಿಲೆದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಬೆಂಚಿನ ಮೇಲಿದ್ದವರೆಲ್ಲ ಮಿಸುಕಾಡಿದರು. ಬಡಗಿ ಅರ್ಧ ಮುರಿದು ನುಂಗುತ್ತಿದ್ದನಂತೆ. ಗಣಿತದ ಮೇಷ್ಟ್ರು ಭಾನುವಾರ ರಜೆ ಕೊಡುತ್ತಿದ್ದರಂತೆ. ಲ್ಯಾಬಕ್ಕ ಕಣ್ಣೊರೆಸಿಕೊಂಡು ಎಲ್ಲರನ್ನೂ ತರಗತಿಯ ಪುಂಡರನ್ನು ನೋಡುವಂತೆ ನೋಡಿದಳು. "ನಾಳೆ ಎಲ್ರೂ ಮಾತ್ರೆ ಚೀಟಿ ಹಿಡ್ಕೊಂಡು ಡಾಕ್ಟರ ಹತ್ರ ಬನ್ನಿ. ಅಗ್ಗದ್ದು ಆಗುತ್ತಾ ಅಂತ ಬಾಯಿಬಿಟ್ಟು ಕೇಳೋಣ. ನಾನೂ ಬರ್ತೀನಿ."

ಮೀಸೆಯಣ್ಣ ಖಾಲಿ ಕುರ್ಚಿಯಲ್ಲಿ ಕೂತು ನೊರೆ ಬಳಿದುಕೊಂಡ. ಹೊಸ ಬ್ಲೇಡು ಹಾಕಿ ಎಡಕ್ಕೊಂದು, ಬಲಕ್ಕೊಂದು ಎಳೆದ. ಅಡಿಯಿಂದ ಒಂದು ಬೆಳ್ಳಗಿನ, ನಾಚಿದ ತುಟಿ ಹೊರಬಂತು.

"ಹೇಗಿದ್ದೀನೇ?" ಎಂದ, ಸಣ್ಣ ದನಿಯಲ್ಲಿ.

ಲ್ಯಾಬಕ್ಕ ನಕ್ಕೂ ನಕ್ಕೂ ಬೆಂಚಿನ ಮೇಲೆ ಕುಸಿದಳು. "ಯಾರೋ ಹೊಸಬ ಕಣ್ರಪ್ಪ" ಎಂದಳು ಉಸಿರು ಸಿಕ್ಕ ಮೇಲೆ. "ದಿನಾ ಮಾತ್ರೆ ನುಂಗೋದಾದ್ರೆ ಇವನನ್ನೇ ಇಟ್ಕೋತೀನಿ."