ಮುಸುಕು ಗಾಡಿಯ ಪಕ್ಕದ ಸೀಟು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡು ಜನ ನಗುತ್ತಾರೆ. ಹಾಗಾದರೆ ಹುಟ್ಟದ ಕೂಸನ್ನೇ ಎತ್ತಿಕೊಂಡು ಊರೆಲ್ಲ ತಿರುಗುವವನನ್ನು ಏನನ್ನಬೇಕು? ಮುಚ್ಚಳದಣ್ಣನ ಉದ್ಯೋಗವೇ ಅದಾಗಿತ್ತು.

ಅವನು ವಾಹನ ತಯಾರಿಸುವ ಕಂಪನಿಯೊಂದರಲ್ಲಿ ಪರೀಕ್ಷೆಯ ಡ್ರೈವರು. ಹೊಸ ಪಿಕಪ್ ಆಗಲಿ, ಗುಡ್ಡ ಹತ್ತುವ ಜೀಪಾಗಲಿ, ಮಾರಾಟಕ್ಕೆ ಬರುವ ಒಂದೆರಡು ವರ್ಷ ಮೊದಲೇ ಅದರ ಮೈಗೆಲ್ಲ ಕಪ್ಪು ಬಿಳಿ ಸುಳಿಗಳ ಹಾಳೆ ಅಂಟಿಸಿ, ಹೆಸರು ಕಿತ್ತುಹಾಕಿ, ಅವನ ಕೈಗೆ ಕೀ ಕೊಡುತ್ತಿದ್ದರು. ಕಲ್ಲುದಾರಿ, ಕೆಸರು, ಏರು, ಇಳಿಜಾರು ಎನ್ನದೆ ಅವನು ಅದನ್ನು ಓಡಿಸಬೇಕು. ಎಲ್ಲಿ ಏನು ಸಡಿಲವಾಯಿತು, ಎಲ್ಲಿ ಏನು ಕಿರುಗುಟ್ಟಿತು ಎಂದು ಸಂಜೆ ಹೇಳಬೇಕು. ಮೊಬೈಲನ್ನು ಗೇಟಿನಲ್ಲೇ ಕೊಟ್ಟು ಹೋಗಬೇಕು. ಇನ್ನೊಂದು ನರಪಿಳ್ಳೆಯನ್ನೂ ಗಾಡಿಗೆ ಹತ್ತಿಸಬಾರದು. ಮನೆಯವರ ಮುಂದೆ ಕೂಡ ತುಟಿ ಬಿಚ್ಚಬಾರದು. ಈ ಕೊನೆಯ ನಿಯಮವನ್ನು ಅವನಷ್ಟು ನಿಷ್ಠೆಯಿಂದ ಪಾಲಿಸಿದವರು ಕಂಪನಿಯಲ್ಲೇ ಇರಲಿಲ್ಲ. ಅದಕ್ಕೇ ಉಳಿದ ಡ್ರೈವರುಗಳು ಅವನಿಗೆ ಮುಚ್ಚಳ ಎಂದು ಹೆಸರಿಟ್ಟರು. ತಲೆ ನರೆತ ಮೇಲೆ ಅದರ ಬಾಲಕ್ಕೊಂದು ಅಣ್ಣ ಸೇರಿಕೊಂಡಿತು, ಅಷ್ಟೆ.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಬಂಗಾರವನ್ನು ಅವನು ದಿನಾ ಮನೆಗೆ ಹೊತ್ತು ತಂದು ಸುರಿದದ್ದರಿಂದ ಹೆಂಡತಿಗೆ ಕಾಲಿಡಲು ಜಾಗವಿಲ್ಲದಂತಾಗಿತ್ತು.

"ಇವತ್ತು ಹೇಗಿತ್ತು?" ಎಂದು ಅವಳು ಕೇಳುವಳು.

"ಆಯ್ತು."

"ಎಲ್ಲಿಗ್ ಹೋಗಿದ್ರಿ?"

"ಇಲ್ಲೇ."

"ಗೋಡೆ ಹತ್ರ ಮಾತಾಡಿದ್ರೆ ಪ್ರತಿಧ್ವನಿನಾದ್ರೂ ಬರುತ್ತೆ ಕಣ್ರೀ," ಎಂದು ಅವಳು ನಗುತ್ತಿದ್ದಳು. ಮೊದಮೊದಲು ನಗುತ್ತಿದ್ದಳು, ಆಮೇಲೆ ಕೇಳುವುದನ್ನೇ ಬಿಟ್ಟಳು. ಮಕ್ಕಳಿಲ್ಲದ ಮನೆ. ಎರಡು ತಟ್ಟೆಗಳ ಸದ್ದು ಬಿಟ್ಟರೆ ಊಟದ ಹೊತ್ತಿನಲ್ಲಿ ಬೇರೆ ಸದ್ದಿರಲಿಲ್ಲ.

ಅವಳಿಗೆ ಒಂದೇ ಆಸೆ ಇತ್ತು. ಗಂಡ ಓಡಿಸುವ ಆ ಮುಸುಕಿನ ಗಾಡಿ ಯಾವುದಾದರೂ ಸರಿ, ಹೊರಗೆ ಬಂದ ಮೇಲೆ ಒಮ್ಮೆ ಪಕ್ಕದಲ್ಲಿ ಕೂತು ಗುಡ್ಡದ ತುದಿಗೆ ಹೋಗಿ ಬರಬೇಕು. ಆದರೆ ಗಾಡಿ ಹೊರಬರುವ ಹೊತ್ತಿಗೆ ಅವನಿಗೆ ಅದು ಹಳಸಿರುತ್ತಿತ್ತು. ಅವನ ತಲೆಯಲ್ಲಿ ಮುಂದಿನದು ಓಡುತ್ತಿರುತ್ತಿತ್ತು. "ಇನ್ನೊಂದು ಬರ್ತಿದೆ, ಇದಕ್ಕಿಂತ ಚೆನ್ನಾಗಿದೆ, ತಾಳು," ಎನ್ನುತ್ತಿದ್ದ. ಗುಟ್ಟು ಬಿಟ್ಟುಕೊಡದೆ ಅವನು ಆಡಬಹುದಾದ ಅತಿ ಉದ್ದದ ಮಾತು ಅದು. ಅವಳು ತಾಳಿದಳು. ತಾಳಿ ತಾಳಿ, ಒಂದು ಮಳೆಗಾಲದಲ್ಲಿ ಜ್ವರದ ನೆಪ ಮಾಡಿಕೊಂಡು ಈ ಲೋಕದಿಂದಲೇ ಹೊರಟುಹೋದಳು.

ಅವರ ಸ್ವಂತದ್ದೆಂದರೆ ಒಂದು ಹಳೆಯ ಪುಟ್ಟ ಕಾರು. ಅದರಲ್ಲಿ ಕೂತಾಗಲೆಲ್ಲ ಅವಳದು ಒಂದೇ ದೂರು. "ರೀ, ಈ ಬೆಲ್ಟಿನ ಕೊಂಡಿ ಸೊಂಟಕ್ಕೆ ಚುಚ್ಚುತ್ತೆ. ಏನಾದ್ರೂ ಮಾಡ್ರಿ." ಅವನು ಹೂಂ ಎನ್ನುತ್ತಿದ್ದ. ಕಂಪನಿಯ ಗಾಡಿಯಲ್ಲಿ ಒಂದು ಸ್ಕ್ರೂ ಅಲುಗಾಡಿದರೆ ಸಂಜೆಗೆ ವರದಿ ಕೊಡುವವನು ಹೆಂಡತಿಯ ಸೊಂಟದ ಮಾತಿಗೆ ಹೂಂಗುಟ್ಟಿ ಕೂತ. ದೀಪದ ಬುಡದಲ್ಲೇ ಕತ್ತಲೆ.

ಅವಳು ಹೋದ ಮೇಲೆ ಅವನ ಕೈಗೆ ಬಂದದ್ದು ಒಂದು ಹೊಸ ಪಿಕಪ್. ತೀರ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಹಿಂದೆ ಸಾಮಾನಿನ ತೊಟ್ಟಿ, ಮುಂದೆ ಮನೆಮಂದಿ ಕೂರುವಷ್ಟು ಜಾಗ. ಜನ ಕೂತಾಗ ಗಾಡಿ ಹೇಗೆ ಓಡುತ್ತದೆಂದು ನೋಡಬೇಕಲ್ಲ, ಆದರೆ ಜನರನ್ನು ಹತ್ತಿಸುವ ಹಾಗಿಲ್ಲ. ಹಾಗಾಗಿ ಪ್ರತಿ ಸೀಟಿನಲ್ಲೂ ಒಬ್ಬ ಮನುಷ್ಯನ ತೂಕಕ್ಕೆ ಸರಿಯಾಗಿ ಮರಳಿನ ಮೂಟೆ ಇಟ್ಟು, ಜಾರದಂತೆ ಬೆಲ್ಟು ಬಿಗಿಯುತ್ತಿದ್ದರು. ಅವನಿಗೆ ಅದು ಹೊಸದೇನಲ್ಲ. ಎಷ್ಟೋ ವರ್ಷ ಮೂಟೆಗಳನ್ನು ಕೂರಿಸಿಕೊಂಡು ತಿರುಗಿದವನು.

ಒಂದು ಬೆಳಿಗ್ಗೆ ಪಕ್ಕದ ಸೀಟಿನ ಮೂಟೆಗೆ ಬೆಲ್ಟು ಹಾಕುವಾಗ ಕೊಂಡಿ ಮೂಟೆಯ ಬದಿಗೆ ಒತ್ತಿಕೊಂಡು ಗೋಣಿಯಲ್ಲಿ ಕುಳಿ ಬಿದ್ದದ್ದು ಕಣ್ಣಿಗೆ ಬಿತ್ತು. ಅವನು ಜೇಬಿನಿಂದ ಕರವಸ್ತ್ರ ತೆಗೆದು, ನಾಲ್ಕಾಗಿ ಮಡಿಸಿ, ಕೊಂಡಿಯ ಸುತ್ತ ಸಿಕ್ಕಿಸಿದ. "ಈಗ ಸರಿ ಹೋಯ್ತಾ?" ಎಂದು ಬಾಯಿ ತಾನಾಗಿ ಕೇಳಿತು. ಕೇಳಿ, ಅವನಿಗೇ ಗಾಬರಿಯಾಯಿತು. ಸುತ್ತ ನೋಡಿದ. ಯಾರೂ ಇರಲಿಲ್ಲ.

ಅಲ್ಲಿಂದ ಮುಚ್ಚಳ ತೆರೆಯಿತು ನೋಡಿ. ಗಂಡನ ಬಾಯಿಂದ ಒಂದು ಮಾತು ಉದುರಲೆಂದು ಕಾದು ಕಾದು ಸತ್ತವಳಿಗೆ ಈಗ ಮಾತಿನ ಹೊಳೆ. "ಮುಂದೆ ಗುಂಡಿ ಇದೆ, ಹಿಡ್ಕೋ." "ಈ ಏರು ನೋಡಿದ್ಯಾ, ನಮ್ಮ ಕಾರಾಗಿದ್ರೆ ಅರ್ಧಕ್ಕೇ ಕೂಗ್ತಿತ್ತು." ಗುಡ್ಡದ ತುದಿ ಮುಟ್ಟಿದ ದಿನ ಇಂಜಿನ್ ಆರಿಸಿ, "ಬಂದ್ವಿ ಕಣೇ," ಎಂದು ಸುಮ್ಮನೆ ಕೂತ. ಕೆಳಗೆ ಬಯಲು, ದೂರದಲ್ಲೊಂದು ಕೆರೆ. ತೋರಿಸಲು ಕೈ ಎತ್ತಿದ. ಮೂಟೆ ಮುಂದಕ್ಕೆ ನೋಡುತ್ತಿತ್ತು.

ದಿನಾ ಸಂಜೆ ಕರವಸ್ತ್ರ ತೆಗೆದು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ಒಂದು ತಟ್ಟೆಯಲ್ಲಿ ಊಟ ಮಾಡಿ ಮಲಗುತ್ತಿದ್ದ. ಮಾರನೆಯ ಬೆಳಿಗ್ಗೆ ಹೊರಡುವ ಅವಸರ ನೋಡಿದರೆ ಹೊಸದಾಗಿ ಮದುವೆಯಾದವನು ಎನ್ನಬೇಕು.

ಇತ್ತ ಊರು ಅದೇ ಗಾಡಿಗಾಗಿ ಬಾಯಿ ಬಿಟ್ಟುಕೊಂಡು ಕೂತಿತ್ತು. ಎಲ್ಲರಿಗಿಂತ ಅಗಲವಾಗಿ ಬಾಯಿ ಬಿಟ್ಟವನು ಅವನ ಸ್ವಂತ ಭಾಮೈದ, ಹೆಂಡತಿಯ ತಮ್ಮ. ಹೂವಿನ ಗಿಡಗಳ ನರ್ಸರಿ ಇಟ್ಟುಕೊಂಡವನು. ಗಿಡ ಸಾಗಿಸಲು ಒಂದು ಪಿಕಪ್ ಬೇಕು, ರಜೆಯಲ್ಲಿ ಗುಡ್ಡಬೆಟ್ಟ ಅಲೆಯಲೂ ಅದೇ ಬೇಕು ಎಂದು ಎರಡು ವರ್ಷದಿಂದ ಜಪ ಮಾಡುತ್ತಿದ್ದ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು. ಮೊಬೈಲಿನಲ್ಲಿ ಬಂದ ಸುದ್ದಿಯನ್ನೆಲ್ಲ ನಂಬುತ್ತಿದ್ದ, ಭಾನುವಾರಕ್ಕೊಮ್ಮೆ ಬಂದು ಒಪ್ಪಿಸುತ್ತಿದ್ದ.

"ಭಾವ, ನಿಮ್ಮ ಕಂಪನಿದೇ ಅಲ್ವಾ, ಒಂದ್ ಮಾತು ಹೇಳಿ. ಡೀಸೆಲ್ ಬರುತ್ತಾ ಇಲ್ವಾ?"

"ನಂಗೇನ್ ಗೊತ್ತು."

"ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತಂತೆ, ನಿಜಾನಾ? ಜಪ್ಪಯ್ಯ ಅಂದ್ರೂ ಬಾಯಿ ಬಿಡಲ್ವಲ್ಲ ನೀವು! ಅಕ್ಕ ಅದ್ಹೇಗೆ ಸಂಸಾರ ಮಾಡಿದ್ಲೋ."

ತಮಾಷೆಗೆ ಆಡಿದ ಮಾತು. ಭಾವ ಎದ್ದು ಒಳಗೆ ಹೋಗಿ ಚಹಾ ಮಾಡಿದ.

ಅಷ್ಟರಲ್ಲಿ ಕಂಪನಿಯಲ್ಲಿ ಒಂದು ತಲೆನೋವು ಶುರುವಾಗಿತ್ತು. ಕೆಟ್ಟ ರಸ್ತೆಯಲ್ಲಿ ಗಾಡಿಯೊಳಗೆ ಎಲ್ಲೋ ಟಕ್ ಟಕ್ ಎಂಬ ಸಣ್ಣ ಸದ್ದು. ಉಳಿದ ಡ್ರೈವರುಗಳು ಓಡಿಸಿದಾಗ ಬರುತ್ತದೆ, ಮುಚ್ಚಳದಣ್ಣ ಓಡಿಸಿದಾಗ ಬರುವುದಿಲ್ಲ. ಗಾಡಿ ಅದೇ, ರಸ್ತೆ ಅದೇ. ಬಿಡುಗಡೆಯ ದಿನ ಹತ್ತಿರವಾಗುತ್ತಿತ್ತು. ಇಂಥ ಸದ್ದುಗಳನ್ನು ಹಿಡಿಯಲೆಂದೇ ಗಾಡಿಯ ಚಾವಣಿಯಲ್ಲಿ ಅವರೆಕಾಳಿನಷ್ಟು ಮೈಕು ಇಟ್ಟಿದ್ದರು. ಮೊದಲ ದಿನವೇ ಎಲ್ಲರಿಗೂ ಹೇಳಿದ್ದರು ಕೂಡ. ಮುಚ್ಚಳದಣ್ಣ ಅದನ್ನು ಮರೆತಿದ್ದ. ಇಪ್ಪತ್ತು ವರ್ಷ ಒಂದು ಗುಟ್ಟನ್ನೂ ಮರೆಯದವನು, ಇದೊಂದನ್ನು ಮರೆತ.

ಅವನನ್ನು ಭದ್ರತಾ ಅಧಿಕಾರಿಯ ಕೋಣೆಗೆ ಕರೆಸಿದರು. ಮೇಜಿನ ಒಂದು ಬದಿಗೆ ಅಧಿಕಾರಿ, ಇನ್ನೊಂದು ಬದಿಗೆ ಸದ್ದುಗಳನ್ನು ಆಲಿಸುವ ಇಂಜಿನಿಯರ್ ಹುಡುಗಿ. ಅವಳನ್ನು ಎಲ್ಲರೂ ಸದ್ದಿನ ಮೇಡಂ ಎನ್ನುತ್ತಿದ್ದರು. ಅಧಿಕಾರಿ ಗುಂಡಿ ಒತ್ತಿದ. ಗಾಡಿಯ ಗುರುಗುಟ್ಟುವಿಕೆಯ ನಡುವೆ ಮುಚ್ಚಳದಣ್ಣನ ದನಿ ಬಂತು. "ಚುಚ್ಚುತ್ತಾ? ತಾಳು, ಬಟ್ಟೆ ಸರಿ ಮಾಡ್ತೀನಿ."

ಅವನ ಕಿವಿ ಬಿಸಿಯಾಯಿತು.

"ಗಾಡಿಯಲ್ಲಿ ಯಾರಿದ್ರು?" ಅಧಿಕಾರಿ ಕೇಳಿದ.

ಮುಚ್ಚಳದಣ್ಣ ಜೇಬಿನ ಕರವಸ್ತ್ರ ಮುಟ್ಟಿ ನೋಡಿಕೊಂಡ.

"ನಿಮ್ಮ ಭಾಮೈದನಿಗೆ ಈ ಗಾಡಿ ಹುಚ್ಚು ಅಂತ ನಮಗೂ ಗೊತ್ತು. ಹೊರಗಿನವರನ್ನ ಹತ್ತಿಸಿದ್ರೆ ಏನಾಗುತ್ತೆ ಅಂತ ನಿಮಗೆ ಹೇಳ್ಬೇಕಾಗಿಲ್ಲ. ಕೆಲಸ ಹೋಗುತ್ತೆ. ಯಾರ ಜೊತೆ ಮಾತಾಡ್ತಿದ್ರಿ, ಹೇಳಿ."

ಹೇಳದಿದ್ದರೆ ಸ್ಟೀರಿಂಗ್ ಹೋಗುತ್ತದೆ. ಅದರೊಂದಿಗೆ ಪಕ್ಕದ ಸೀಟೂ ಹೋಗುತ್ತದೆ. ಹೇಳಿದರೆ ಮಾನ ಹೋಗುತ್ತದೆ, ನಾಳೆ ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ಅವಳು. ಅವನು ನೆಲ ನೋಡುತ್ತ ನಿಂತ.

ಸದ್ದಿನ ಮೇಡಂ ಮೆಲ್ಲಗೆ ಹೇಳಿದಳು. "ಸರ್, ನಾನು ಎಲ್ಲಾ ಕೇಳಿದೀನಿ. ತಿಂಗಳುಗಟ್ಟಲೆ ಇದೆ. ಅದರಲ್ಲಿ ಇವರೊಬ್ಬರೇ ಮಾತಾಡ್ತಾರೆ. ಒಂದು ಸಲಾನೂ ಯಾರೂ ಉತ್ತರ ಕೊಟ್ಟಿಲ್ಲ."

ಅಧಿಕಾರಿ ಗುಂಡಿ ಒತ್ತಿ ದನಿ ನಿಲ್ಲಿಸಿದ.

"ಮೂಟೆ ಸರ್," ಎಂದ ಮುಚ್ಚಳದಣ್ಣ. "ನಮ್ಮ ಮನೆಯವಳು ಹೋಗ್ಬಿಟ್ಲು. ಅವಳಿದ್ದಾಗ ಮಾತಾಡ್ಲಿಲ್ಲ. ಅದಕ್ಕೆ." ಜೇಬಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲಿಟ್ಟ. "ಬಟ್ಟೆ ಇದೇ. ಕೊಂಡಿ ಸೊಂಟಕ್ಕೆ ಒತ್ತುತ್ತೆ ಅಂತ ಇಡ್ತಿದ್ದೆ."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡ. ಮೇಡಂ ಮಾತ್ರ ಕರವಸ್ತ್ರವನ್ನೇ ನೋಡುತ್ತ, "ಯಾವ ಕೊಂಡಿ, ತೋರಿಸ್ತೀರಾ ಅಣ್ಣ?" ಎಂದು ಎದ್ದಳು.

ಬಟ್ಟೆಯಿಲ್ಲದೆ ಕಲ್ಲುದಾರಿಯಲ್ಲಿ ಓಡಿಸಿದರು. ಕೊಂಡಿಯು ಎರಡು ಸೀಟುಗಳ ನಡುವಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಬಡಿದು ಟಕ್ ಟಕ್ ಎಂದಿತು. ಬಟ್ಟೆ ಇಟ್ಟರೆ ಸದ್ದೇ ಇಲ್ಲ. ಕಳ್ಳ ಸಿಕ್ಕಿದ. ಆ ಜಾಗಕ್ಕೆ ಮೆತ್ತನೆಯ ಕಪ್ಪು ಬಟ್ಟೆಯ ತುಂಡೊಂದನ್ನು ಅಂಟಿಸುವುದು, ಮುಂದೆ ತಯಾರಾಗುವ ಪ್ರತಿ ಗಾಡಿಗೂ ಅಂಟಿಸುವುದು ಎಂದು ತೀರ್ಮಾನವಾಯಿತು. ಮುಚ್ಚಳದಣ್ಣನ ಕೆಲಸಕ್ಕೆ ಕುತ್ತು ಬರಲಿಲ್ಲ. ಅಧಿಕಾರಿ ಯಾರಿಗೂ ಹೇಳಲಿಲ್ಲ, ಅಷ್ಟು ಒಳ್ಳೆಯತನ ಅವನಲ್ಲಿತ್ತು. ಒಂದೇ ಮಾತು ಹೇಳಿದ. "ಇನ್ಮೇಲೆ ಮೂಟೆ ಬೇಡ, ನೆಲಕ್ಕೆ ಕಬ್ಬಿಣದ ತೂಕ ಹಾಕಿಸ್ತೀನಿ. ನಿಮಗೂ ಅದೇ ವಾಸಿ."

ವಾಸಿ ಎಂದು ಅವನಿಗೆ ಅನ್ನಿಸಲಿಲ್ಲ. ಮಾರನೆಯ ದಿನ ಪಕ್ಕದ ಸೀಟು ಖಾಲಿ ಇತ್ತು. ಬೆಲ್ಟು ಬಾಗಿಲ ಬದಿಯ ಕಂಬದೊಳಗೆ ಸುರುಳಿ ಸುತ್ತಿಕೊಂಡಿತ್ತು. ಗುಂಡಿಯ ಹತ್ತಿರ "ಹಿಡ್ಕೋ" ಎನ್ನಲು ಬಾಯಿ ತೆರೆದು, ಚಾವಣಿಯ ಮೈಕು ನೋಡಿ, ಮುಚ್ಚಿಕೊಂಡ. ಹೆಂಡತಿ ಸತ್ತ ದಿನ ಮನೆ ತುಂಬ ಜನರಿದ್ದರು. ಈ ದಿನ ಯಾರೂ ಇರಲಿಲ್ಲ. ಎರಡನೆಯ ಸಲ ಕಳೆದುಕೊಂಡದ್ದಕ್ಕೆ ಯಾರು ಬಂದು ಕೂರುತ್ತಾರೆ?

ಕೊನೆಗೂ ಗಾಡಿಯ ಮುಸುಕು ಕಳಚಿತು, ಹೆಸರು ಬಂತು, ಬೆಲೆ ಬಂತು. ಭಾಮೈದ ಮೊದಲ ಸಾಲಿನಲ್ಲೇ ನಿಂತು ಬುಕ್ ಮಾಡಿದ್ದ. ಗಾಡಿ ಕೈಗೆ ಸಿಕ್ಕ ಭಾನುವಾರ ಹಾರನ್ ಬಾರಿಸುತ್ತ ಬಾಗಿಲಿಗೆ ಬಂದ. "ಭಾವ, ಹತ್ತಿ! ಅಕ್ಕ ಇಲ್ಲ, ಅವಳ ಪರವಾಗಿ ಮೊದಲ ಸವಾರಿ ನಿಮ್ಮದೇ."

ಅಭ್ಯಾಸಬಲದಿಂದ ಅವನು ಸ್ಟೀರಿಂಗ್ ಕಡೆಗೆ ಹೋದ. ಭಾಮೈದ ನಗುತ್ತ ಅವನನ್ನು ಆಚೆ ಕಳಿಸಿದ. ಮುಚ್ಚಳದಣ್ಣ ಪಕ್ಕದ ಸೀಟಿನಲ್ಲಿ ಕೂತ, ಜೀವನದಲ್ಲಿ ಮೊದಲ ಸಲ. ಇಲ್ಲಿಂದ ಕಾಣುವ ದಾರಿಯೇ ಬೇರೆ. ಓಡಿಸುವವನ ಮುಖದ ಒಂದು ಪಕ್ಕ ಮಾತ್ರ ಕಾಣುತ್ತದೆ. ಅವನು ತಿರುಗಿ ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಷ್ಟು ವರ್ಷ ಅವಳಿಗೆ ಕಂಡದ್ದು ಇದು.

"ನೋಡಿ ಭಾವ, ಏರಿನಲ್ಲಿ ಹೇಗ್ ಎಳೀತು! ನಿಮಗೆ ಇದೆಲ್ಲ ಗೊತ್ತಿರಲ್ಲ ಬಿಡಿ," ಎಂದು ಭಾಮೈದ ಗಾಡಿಯ ಗುಣಗಾನ ಮಾಡುತ್ತಲೇ ಇದ್ದ. ಗುಡ್ಡದ ಕಲ್ಲುದಾರಿ ಶುರುವಾಯಿತು. ಮುಚ್ಚಳದಣ್ಣನ ಕೈ ತಾನಾಗಿ ಸೊಂಟದ ಬದಿಗೆ ಹೋಯಿತು. ಕೊಂಡಿಯ ಪಕ್ಕ ಮೆತ್ತನೆಯ ತುಂಡು ಬೆರಳಿಗೆ ಸಿಕ್ಕಿತು.

ಭಾಮೈದ ಅದನ್ನು ಕಂಡ. "ಚುಚ್ಚುತ್ತಾ? ನಿಮ್ಮ ಹಳೇ ಕಾರಲ್ಲಿ ಅಕ್ಕ ಯಾವಾಗ್ಲೂ ಅದನ್ನೇ ಹೇಳ್ತಿದ್ಲು."

"ಇದರಲ್ಲಿ ಚುಚ್ಚಲ್ಲ."

"ಕಂಪನಿಯವರು ಎಷ್ಟು ಯೋಚನೆ ಮಾಡಿದಾರೆ ನೋಡಿ!"

"ಕಂಪನಿಯವರಲ್ಲ," ಎಂದ ಮುಚ್ಚಳದಣ್ಣ. "ಇದು ನಿಮ್ಮಕ್ಕನಿಗೆ ಹಾಕಿದ್ದು."

ಭಾಮೈದ ದೊಡ್ಡದಾಗಿ ನಕ್ಕ. ನಗುತ್ತಲೇ ತಿರುಗಿ ಭಾವನ ಮುಖ ನೋಡಿದ. ನಗು ಅಲ್ಲಿಗೇ ನಿಂತಿತು. ಗಾಡಿಯನ್ನು ದಾರಿಯ ಬದಿಗೆ ತಂದು ನಿಲ್ಲಿಸಿ, ಇಂಜಿನ್ ಆರಿಸಿ, ಅವನ ಕಡೆಗೆ ಪೂರ್ತಿ ತಿರುಗಿ ಕೂತ.

"ಹೇಳಿ ಭಾವ," ಎಂದ.