ಹೃದಯಕ್ಕೆಂದು ಹೇಳಿದ ಮಾತ್ರೆ

ಅಮ್ಮ ತೀರಿಕೊಂಡ ವರ್ಷ ನನಗೆ ನಿದ್ದೆ, ಹಸಿವು ಎರಡೂ ಹೊರಟುಹೋದವು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಅಳತೆ ಮಾಡಿ ನೋಡುವುದು ನನ್ನ ಕೆಲಸ. ಕೆಲಸದ ನಡುವೆಯೇ ಸುಮ್ಮನೆ ಅಳು ಬರುತ್ತಿತ್ತು. ಮನೋವೈದ್ಯರು ಖಿನ್ನತೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಗಂಡನಿಗೆ ನಿಜ ಹೇಳಿದೆ. ಹಿನಕಲ್ಲಿನ ಮನೆಯಲ್ಲಿ ನಮ್ಮ ಜೊತೆಗಿದ್ದ ಅತ್ತೆಗೆ ಮಾತ್ರ, "ಹಾರ್ಟಿಗೆ ಅತ್ತೆ, ಎದೆ ಬಡ್ಕೊಳ್ಳುತ್ತೆ," ಎಂದುಬಿಟ್ಟೆ.

ಹೃದಯದ ಕಾಯಿಲೆಗೆ ನಮ್ಮ ಬೀದಿಯಲ್ಲಿ ಅಷ್ಟು ಮರ್ಯಾದೆ ಇದೆಯೆಂದು ಆಮೇಲೆ ಗೊತ್ತಾಯಿತು. ಪಕ್ಕದ ಮನೆಯವರು ದಾಳಿಂಬೆ ತಂದರು. ಒಂದು ಬಕೆಟ್ ನೀರು ಎತ್ತಲೂ ಯಾರೂ ಬಿಡಲಿಲ್ಲ. ಅತ್ತೆ ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡು, ಟೀವಿಯಲ್ಲಿ ಕೇಳಿದ ಪ್ರಕಾರ ನನ್ನ ಊಟದಿಂದ ಉಪ್ಪನ್ನು ಪೂರ್ತಿ ತೆಗೆದರು. ಬಸ್ಸಾರು ಬಿಸಿನೀರಿನಂತಿತ್ತು. ಸುಳ್ಳು ಹೇಳಿದವಳು ನಾನೇ, ತೆಪ್ಪಗೆ ಉಂಡೆ.

ಎರಡು ವಾರ ಕಳೆಯುವಷ್ಟರಲ್ಲಿ, ಎದ್ದು ನಿಂತರೆ ಕಣ್ಣು ಕತ್ತಲಿಡತೊಡಗಿತು. ಒಂದು ಬೆಳಿಗ್ಗೆ ಚಾಪೆಯಿಂದ ಎದ್ದವಳು ಅಲ್ಲೇ ಕುಸಿದೆ. ಅತ್ತೆ ಆಟೋ ಹಿಡಿದು ಹೃದಯದ ಡಾಕ್ಟರ ಹತ್ತಿರ ಕರೆದೊಯ್ದರು.

ಅವರು ಇಸಿಜಿ ತೆಗೆಸಿದರು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. "ಹಾರ್ಟ್ ಚೆನ್ನಾಗಿದೆ. ಆದ್ರೆ ನಿಂತ್ಕೊಂಡ ತಕ್ಷಣ ಬಿಪಿ ಇಳೀತಿದೆ. ಉಪ್ಪು ತಿಂತೀರ ತಾನೆ?"

"ನಾನೇ ನಿಲ್ಸಿದ್ದೀನಿ ಸಾರ್," ಎಂದರು ಅತ್ತೆ ಹೆಮ್ಮೆಯಿಂದ. "ಹಾರ್ಟ್ ಪೇಷೆಂಟ್ ಅಲ್ವಾ."

ಡಾಕ್ಟರು ನನ್ನ ಮಾತ್ರೆ ಚೀಟಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಅದು ಖಿನ್ನತೆಗೆ ಕೊಟ್ಟ ಮಾತ್ರೆ ಎಂದು ನಾನೇ ಹೇಳಿದೆ.

ಖಿನ್ನತೆಯ ಕೆಲವು ಮಾತ್ರೆಗಳು ಕೆಲವರಿಗೆ ಹೀಗೆ ರಕ್ತದೊತ್ತಡ ಇಳಿಸುತ್ತವೆ, ಸಪ್ಪೆ ಊಟವೂ ಅದಕ್ಕೆ ಕೈಜೋಡಿಸಿದೆ ಎಂದು ಅವರು ವಿವರಿಸಿದರು. ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ ಎಂದು ಹೇಳಿ, ಮನೋವೈದ್ಯರಿಗೆ ಫೋನ್ ಮಾಡಿ ಮಾತಾಡಿದರು.

ವಾಪಸ್ ಬರುವಾಗ ಆಟೋದಲ್ಲಿ ಅತ್ತೆ ನನ್ನ ಮಾತ್ರೆ ಚೀಟಿಯನ್ನು ಮಡಚಿ ತಮ್ಮ ಚೀಲದಲ್ಲಿಟ್ಟುಕೊಂಡರು.

"ಮೊದ್ಲೇ ಹೇಳ್ಬುಟ್ಟಿದ್ರೆ ನಾನ್ಯಾಕೆ ಉಪ್ಪು ಕಿತ್ಕೋತಿದ್ದೆ ಕಣಮ್ಮ," ಎಂದರು. "ನಮ್ಮವ್ವ ಸತ್ತಾಗ ನಾನೂ ಹಿಂಗೇ ಆಗ್ಬುಟ್ಟಿದ್ದೆ. ದೆವ್ವ ಬಿಡಿಸೋನ ಹತ್ರ ಕರ್ಕೊಂಡೋದ್ರು. ಬೇವಿನ ಸೊಪ್ಪಲ್ಲಿ ಹೊಡ್ದ."

"ವಾಸಿ ಆಯ್ತಾ ಅತ್ತೆ?"

"ಆಯ್ತು ಅಂತ ಸುಳ್ಳು ಹೇಳ್ದೆ."

ಮನೋವೈದ್ಯರು ಬೇರೆ ಮಾತ್ರೆ ಕೊಟ್ಟರು. ತಲೆಸುತ್ತು ನಿಂತಿತು, ನಿದ್ದೆ ನಿಧಾನವಾಗಿ ಬಂತು. ಬೀದಿಯವರು ಕೇಳಿದರೆ ಅತ್ತೆ ಈಗಲೂ ನನಗೆ ಹಾರ್ಟ್ ತೊಂದರೆ ಎಂದೇ ಹೇಳುತ್ತಾರೆ. ನಾನು ತಿದ್ದಲು ಹೋಗಿಲ್ಲ.